ದಫ್ತರಿಯ ಭೋಜನಶಾಲಾನ್ವೇಷಣೆ

ಯಾವ ವಸ್ತುವನ್ನೇ ಆಗಲಿ ಸಂಶಯವಿಲ್ಲದೆ ಅರಿಯುವುದಕ್ಕೆ ಹಿರಿಯರು ಮೂರು ದಾರಿಗಳನ್ನು ಹಾಕಿಕೊಟ್ಟಿದ್ದಾರೆ. ಕಣ್ಣಾರೆ ಕಾಣುವುದು ಪ್ರತ್ಯಕ್ಷ; ಕಂಡದ್ದನ್ನು ಹಿಡಿದು ಕಾಣದ್ದನ್ನು ಊಹಿಸುವುದು ಅನುಮಾನ; ನಂಬತಕ್ಕವರ ಮಾತನ್ನು ಕೇಳುವುದು ಶಬ್ದ. ನಮ್ಮ ಕಥಾನಾಯಕನು ಈ ಮೂರನ್ನೂ ತಕ್ಕಮಟ್ಟಿಗೆ ಗೌರವಿಸುತ್ತಿದ್ದನಾದರೂ ಇವುಗಳ ತಲೆಯ ಮೇಲೆ ನಾಲ್ಕನೆಯದೊಂದನ್ನು ಕೂರಿಸಿದ್ದನು. ಅದು ಕತ್ತರಿಯಿಂದ ಕತ್ತರಿಸಿ, ಕಡತಕ್ಕೆ ಅಂಟಿಸಿ, ಕ್ರಮಸಂಖ್ಯೆ ಹಾಕಿಟ್ಟ ಕಾಗದ. ಸರ್ಕಾರಿ ದಾಖಲೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಕಡತ ಕಾಯುವ ದಫ್ತರಿಯಾಗಿ ದುಡಿದವನಿಗೆ ಬೇರೆ ಬುದ್ಧಿ ಹುಟ್ಟುವುದು ಕಷ್ಟ. ಕಚೇರಿಯವರೂ ನೆಂಟರೂ ಅವನನ್ನು ದಫ್ತರಿಯೆಂದೇ ಕರೆಯುತ್ತಿದ್ದುದರಿಂದ ನಾವೂ ಹಾಗೆಯೇ ಕರೆಯೋಣ. ಮಳೆ ಬರುತ್ತಿದೆಯೆಂದು ಹೆಂಡತಿ ಹೇಳಿದರೆ, "ಇವತ್ತಿನ ಪತ್ರಿಕೇಲಿ ಇಲ್ಲವಲ್ಲ" ಎಂದು ಕೊಡೆಯಿಲ್ಲದೆ ಹೊರಟು, ತೊಯ್ದು ತೊಪ್ಪೆಯಾಗಿ ಮರಳಿ, ಪತ್ರಿಕೆಯವರಿಗೆ ತಿದ್ದುಪಡಿಯನ್ನು ಬರೆದು ಕಳುಹಿಸಿದ ಮಹಾನುಭಾವನಾತ.

ಇವನಿಗೊಬ್ಬ ಅಣ್ಣ. ರೈಲು ಇಲಾಖೆಯಲ್ಲಿ ಮೂವತ್ತೆಂಟು ವರ್ಷ ಸ್ಟೇಷನ್ ಮಾಸ್ತರರಾಗಿದ್ದು ನಿವೃತ್ತರಾದವರು. ಕೆಲಸ ಬಿಟ್ಟರೂ ಗಡಿಯಾರ ಅವರನ್ನು ಬಿಟ್ಟಿರಲಿಲ್ಲ. ಒಂಬತ್ತು ವರ್ಷಗಳ ಹಿಂದೆ ದಫ್ತರಿಯು ಹೊಸ ಮನೆಗೆ ಬಂದ ದಿನ ನೆಂಟರಿಷ್ಟರಿಗೆಲ್ಲ ಊಟ ಹಾಕಿಸಿದನು. ಎಲ್ಲರೂ ಕೈತೊಳೆದು ಕುಳಿತಿರುವಾಗ ಮಾಸ್ತರರು ಗಡಿಯಾರ ನೋಡಿ, ಪ್ಲಾಟ್‌ಫಾರ್ಮಿನ ತುದಿಗೂ ಕೇಳುವ ತಮ್ಮ ಕಂಠದಲ್ಲಿ, "ಊಟ ಹದಿನೇಳು ನಿಮಿಷ ತಡವಾಗಿ ನಡೀತಾ ಇದೆ" ಎಂದು ಘೋಷಿಸಿದರು. ನೆಂಟರು ನಕ್ಕರು. ದಫ್ತರಿ ನಗಲಿಲ್ಲ. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ, ಪಂಕ್ತಿಯಿಲ್ಲ. ಹದಿನೇಳು ನಿಮಿಷಗಳ ವಿಳಂಬವು ಒಂಬತ್ತು ವರ್ಷಗಳಿಗೆ ಬೆಳೆಯಿತು. ದಫ್ತರಿಯು ಆ ಮಾತನ್ನು ದಿನಾಂಕಸಹಿತ ಒಂದು ಚೀಟಿಯಲ್ಲಿ ಬರೆದು 'ಕುಟುಂಬ: ಅವಮಾನಗಳು' ಎಂಬ ಕಡತದಲ್ಲಿ ಭದ್ರಪಡಿಸಿದನು. ಆ ಕಡತದಲ್ಲಿ ಇನ್ನಾವ ಚೀಟಿಯೂ ಇರಲಿಲ್ಲವೆಂಬುದು ಅವನ ಅಣ್ಣನ ಪರವಾಗಿ ಹೇಳಬಹುದಾದ ಮಾತು.

ಇವರ ತಾಯಿಗೆ ಎಂಬತ್ತೊಂದು. ಆ ವರ್ಷದ ರಜೆಯಲ್ಲಿ ಆಕೆ ಇಬ್ಬರಿಗೂ ಒಂದೇ ಒಕ್ಕಣೆಯ ಆಜ್ಞೆಯನ್ನು ಕೊಟ್ಟರು.

"ನಾನು ಕಣ್ಣು ಮುಚ್ಚೋದರೊಳಗೆ ನೀವಿಬ್ಬರೂ ಒಂದೇ ಮೇಜಿನ ಮುಂದೆ ಕೂರೋದನ್ನ ನೋಡಬೇಕು. ಅವನ ಮನೇಲಾದರೆ ಇವನು ಬರೋಲ್ಲ, ಇವನ ಮನೇಲಾದರೆ ಅವನು ಬರೋಲ್ಲ. ಮಧ್ಯದಲ್ಲಿ ಎಲ್ಲಾದರೂ ಸರಿ."

ಮಧ್ಯದಲ್ಲಿದ್ದುದು ಸರೋವರದ ಊರು. ಮಾಸ್ತರ ದಂಪತಿ ಬೆಳಗಿನ ಬಸ್ಸಿನಲ್ಲಿ ಬಂದು ಮಧ್ಯಾಹ್ನ ಮೂರು ಗಂಟೆಯ ಬಸ್ಸಿಗೆ ಹಿಂದಿರುಗುವುದೆಂದು ತೀರ್ಮಾನವಾಯಿತು. ರಜೆಯ ನೂಕುನುಗ್ಗಲಿನಲ್ಲಿ ಆ ಎರಡು ಸೀಟುಗಳು ಸಿಕ್ಕಿದ್ದೇ ದೇವರ ದಯೆ. ಅದು ತಪ್ಪಿದರೆ ನಾಲ್ಕು ದಿನ ಯಾವ ಬಸ್ಸಿನಲ್ಲೂ ಜಾಗವಿರಲಿಲ್ಲ. ಉಳಿದದ್ದು ಊಟದ ಪ್ರಶ್ನೆಯೊಂದೇ. ಆಗ ದಫ್ತರಿಯು ಎದೆಯನ್ನು ಮುಂದೆ ಮಾಡಿಕೊಂಡು, "ಅದು ನನಗೆ ಬಿಡಿ. ಆ ಊರಲ್ಲಿ ಒಳ್ಳೇ ಹೋಟೆಲು ಯಾವುದು ಅಂತ ಬಲ್ಲವನು ನಾನೊಬ್ಬನೇ" ಎಂದನು.

ಅವನು ಆ ಊರಿಗೆ ಅದುವರೆಗೆ ಕಾಲಿಟ್ಟಿರಲಿಲ್ಲ.

ಆದರೆ ಕಡತವಿತ್ತು. ಅದರೊಳಗೆ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಒಂದು ಕಾಗದದಲ್ಲಿ ಹೀಗಿತ್ತು: 'ಸರೋವರದ ಹಿಂಬದಿಯ ಬೀದಿಯಲ್ಲಿ ಒಂಬತ್ತನೆಯ ಮನೆ. ನೀಲಿ ಬಾಗಿಲು. ಹೊರಗೆ ಫಲಕವಿಲ್ಲ, ಬಲ್ಲವರು ಬರುತ್ತಾರೆ. ಹನ್ನೆರಡೂವರೆಗೆ ತೆರೆಯುತ್ತದೆ. ಇಂಥ ಊಟ ಈ ಸೀಮೆಯಲ್ಲಿಲ್ಲ.' ಕಾಗದಕ್ಕೆ ಹದಿನಾಲ್ಕು ವರ್ಷ ವಯಸ್ಸಾಗಿತ್ತು. ಲೋಕದಲ್ಲಿ ಅದು ಹಳತು. ದಾಖಲೆ ಕೋಣೆಯಲ್ಲಿ ಹಾಲುಗಲ್ಲದ ಕೂಸು.

ಸರೋವರದ ಮುಂಬೀದಿಯ ಅಂದಿನ ಸ್ಥಿತಿಯನ್ನು ವರ್ಣಿಸುವುದಕ್ಕೆ ಸಾಗರವನ್ನು ವರ್ಣಿಸಿದ ಹಿಂದಿನ ಕವಿಗಳ ಶಕ್ತಿ ಬೇಕು. ದೋಣಿಗೆ ನಿಂತವರ ಸಾಲು ಐಸ್‌ಕ್ರೀಮಿಗೆ ನಿಂತವರ ಸಾಲಿನೊಡನೆ ಬೆರೆತು, ಅದು ಶೌಚಾಲಯದ ಸಾಲಿನೊಳಕ್ಕೆ ಹೊಕ್ಕು, ಯಾರು ಯಾವ ಫಲವನ್ನು ಬಯಸಿ ನಿಂತಿದ್ದಾರೆಂಬುದು ಭಗವಂತನಿಗೆ ಮಾತ್ರ ಗೊತ್ತಿತ್ತು. ಮೊದಲನೆಯ ಹೋಟೆಲಿನ ಬಾಗಿಲಲ್ಲಿ ನಿಂತವನು ಇವರ ಮುಖವನ್ನೂ ನೋಡದೆ, "ಎಷ್ಟು ಜನ?" ಎಂದನು.

"ಐದು" ಎಂದರು ಅತ್ತಿಗೆ, ಎಂದರೆ ಮಾಸ್ತರರ ಹೆಂಡತಿ.

"ನಾಲ್ಕೂಕಾಲಿಗೆ ಬನ್ನಿ. ಇದ್ದರೆ ಕೊಡ್ತೀವಿ."

"ಏನಿದ್ದರೆ?"

"ಏನಾದರೂ."

ಎರಡನೆಯದರಲ್ಲಿ ಉಣ್ಣುವವರ ಪ್ರತಿಯೊಂದು ಕುರ್ಚಿಯ ಹಿಂದೆಯೂ ಒಂದೊಂದು ಸಂಸಾರ ನಿಂತಿತ್ತು. ಉಣ್ಣುವವನು ತುತ್ತನ್ನೆತ್ತಿದರೆ ಹಿಂದಿನವರ ಆರು ಕಣ್ಣುಗಳೂ ಮೇಲೇಳುತ್ತಿದ್ದವು, ನುಂಗಿದರೆ ಕೆಳಗಿಳಿಯುತ್ತಿದ್ದವು. ನೀರು ಕುಡಿಯಲು ಲೋಟ ಹಿಡಿದವನಿಗೆ, "ಆಯ್ತಲ್ಲ, ಏಳ್ತೀರಾ?" ಎಂದು ಮೃದುವಾಗಿ ವಿಚಾರಿಸುತ್ತಿದ್ದರು.

ಮೂರನೆಯ ಹೋಟೆಲಿನಲ್ಲಿ, ಪೂರ್ವಜನ್ಮದ ಯಾವ ಪುಣ್ಯವೋ, ಇವರ ಕಣ್ಣೆದುರಿಗೇ ಐದು ಜನ ಎದ್ದರು. ಅತ್ತಿಗೆಯು ತಮ್ಮ ವಯಸ್ಸನ್ನು ಮರೆತು ಓಡಿ, ಒಂದು ಕುರ್ಚಿಯ ಮೇಲೆ ಚೀಲವನ್ನೂ ಇನ್ನೊಂದರ ಮೇಲೆ ಕೊಡೆಯನ್ನೂ ಮೂರನೆಯದರ ಮೇಲೆ ಸ್ವತಃ ತಮ್ಮನ್ನೂ ಇಟ್ಟು, "ಬನ್ನಿ, ಬನ್ನಿ, ಬೇಗ!" ಎಂದು ಕೂಗಿದರು.

ದಫ್ತರಿಯು ಹೊಸ್ತಿಲಲ್ಲೇ ನಿಂತು ಕಡತವನ್ನು ತಿರುವಿ, "ಇದು ಇದರಲ್ಲಿಲ್ಲ" ಎಂದನು.

"ಕುರ್ಚಿ ಇದೆಯಲ್ಲ ರೀ!" ಎಂದಳು ಹೆಂಡತಿ.

"ಕುರ್ಚಿ ಎಲ್ಲಾ ಕಡೆ ಇರುತ್ತೆ. ಅಣ್ಣ ಒಂಬತ್ತು ವರ್ಷದ ಮೇಲೆ ಊಟಕ್ಕೆ ಬಂದಿದಾನೆ. ಸಿಕ್ಕಿದಲ್ಲಿ ಕೂರಿಸಿ ಇನ್ನೊಂದು ಮಾತು ಕೇಳೋದಕ್ಕೆ ನಾನು ತಯಾರಿಲ್ಲ."

ಮಾಸ್ತರರು ತಮ್ಮನಿಂದ ಒಂದು ಗೇಣು ದೂರದಲ್ಲಿದ್ದರು. ಆದರೂ ತಾಯಿಯ ಕಡೆಗೆ ತಿರುಗಿ, "ಅಮ್ಮಾ, ಅವನಿಗೆ ಹೇಳು. ಈಗ ಹನ್ನೆರಡು ಗಂಟೆ ಹದಿನೆಂಟು ನಿಮಿಷ. ಮೂರಕ್ಕೆ ನಮ್ಮ ಬಸ್ಸು. ಕೈಗೆ ಬಂದ ಮೇಜು ಬಿಡೋನಿಗೆ ತಲೆ ಕೆಟ್ಟಿದೆ" ಎಂದರು.

ತಾಯಿ ಕಿರಿಯವನ ಕಡೆ ತಿರುಗಿ, "ಅಣ್ಣ ಹೇಳ್ತಾನೆ, ನಿಧಾನ ಆಗಲಿ, ನಿನ್ನಿಷ್ಟ ಅಂತ" ಎಂದರು.

"ಅಮ್ಮಾ, ಅಣ್ಣನಿಗೆ ಹೇಳು. ಊಟ ಅಂದರೆ ರೈಲಲ್ಲ, ಬಂದ ಗಾಡಿಗೆ ಹತ್ತೋದಕ್ಕೆ."

"ತಮ್ಮ ಹೇಳ್ತಾನೆ, ನಿನಗೋಸ್ಕರ ಒಳ್ಳೇ ಜಾಗ ನೋಡ್ತಾ ಇದೀನಿ ಅಂತ."

ಇಬ್ಬರಿಗೂ ಮೂಲವೂ ಕೇಳಿಸುತ್ತಿತ್ತು, ಅನುವಾದವೂ ಕೇಳಿಸುತ್ತಿತ್ತು. ಆದರೂ ಇಬ್ಬರೂ ಅನುವಾದಕ್ಕೇ ತಲೆದೂಗಿದರು. ಮಾತೃವಾಕ್ಯದ ಮಹಿಮೆ ಅಂಥದು. ಇಷ್ಟರಲ್ಲಿ ಬೇರೊಂದು ಸಂಸಾರವು ಅತ್ತಿಗೆಯ ಕೊಡೆಯನ್ನು ಅವರ ಕೈಗಿತ್ತು, ಚೀಲವನ್ನು ನೆಲಕ್ಕಿಳಿಸಿ, ಮೇಜನ್ನು ಆಕ್ರಮಿಸಿತ್ತು.

ಹಿಂಬೀದಿಯು ನಿರ್ಜನವಾಗಿತ್ತು. ಒಂಬತ್ತನೆಯ ಮನೆಯ ಬಾಗಿಲು ನಿಜವಾಗಿಯೂ ನೀಲಿಯಾಗಿತ್ತು, ನಿಜವಾಗಿಯೂ ಮುಚ್ಚಿತ್ತು, ಮತ್ತು ಅಲ್ಲಿ ನಿಜವಾಗಿಯೂ ಯಾವ ಫಲಕವೂ ಇರಲಿಲ್ಲ.

"ನೋಡಿದೆಯಾ?" ಎಂದು ದಫ್ತರಿಯು ಹೆಂಡತಿಗೆ ಕಾಗದವನ್ನು ತೋರಿಸಿದನು. "ಫಲಕವಿಲ್ಲ ಅಂತ ಬರೆದಿದೆ. ಫಲಕವಿಲ್ಲ."

"ಪಕ್ಕದ ಮನೆಗೂ ಇಲ್ಲ" ಎಂದಳು ಆಕೆ.

ದಫ್ತರಿಯು ಬಾಗಿಲನ್ನು ಎರಡು ಸಲ ತಟ್ಟಿದನು. ಉತ್ತರ ಬರಲಿಲ್ಲ. ಆದರೆ ಪಕ್ಕದ ಕಿಟಕಿಯ ಸಂದಿಯಿಂದ ಬಿಳಿಯ ಹಬೆ ಹೊರಬರುತ್ತಿತ್ತು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬುದು ಬಾಲಕರೂ ಬಲ್ಲ ಅನುಮಾನ. ದಫ್ತರಿಯು ಅದನ್ನು ಮುಂದಕ್ಕೊಯ್ದನು: ಎಲ್ಲಿ ಹಬೆಯೋ ಅಲ್ಲಿ ಪಾತ್ರೆ, ಎಲ್ಲಿ ಪಾತ್ರೆಯೋ ಅಲ್ಲಿ ಅಡುಗೆ, ಎಲ್ಲಿ ಅಡುಗೆಯೋ ಅಲ್ಲಿ ಐದು ಜನರಿಗೆ ಮೇಜು. ಅಷ್ಟರಲ್ಲಿ ಹಬೆಯ ಜೊತೆಗೆ ಒಂದು ವಾಸನೆ ಬಂದು ಮೂಗಿಗೆ ತಾಗಿತು. ಹಿಟ್ಟು ಬೇಯುವ, ಮಂದವಾದ, ಹಿತವಾದ ವಾಸನೆ. ದಫ್ತರಿಯ ಕಣ್ಣುಗಳು ಅರೆಮುಚ್ಚಿದವು. ಎಲ್ಲಿಯೋ, ಎಂದೋ, ಬಹುಕಾಲ ಈ ವಾಸನೆಯ ಜೊತೆಯಲ್ಲಿ ತಾನು ಊಟ ಮಾಡಿದ್ದೇನೆ ಎಂದು ಅವನ ಒಳಗಿನ ಜೀವ ಸಾರಿ ಹೇಳಿತು.

"ಇದೇ" ಎಂದನು. "ಸಂಶಯವೇ ಇಲ್ಲ. ಇದು ಊಟದ ವಾಸನೆ."

ತಾಯಿ ಬಾಗಿಲ ಬಳಿಯ ಕಲ್ಲಿನ ಮೇಲೆ ಕುಳಿತರು. ಮಾಸ್ತರರು ಗೋಡೆಗೆ ಒರಗಿದರು. ಅವರ ಹಿಂದೆ ಅತ್ತಿಗೆ, ಅವರ ಹಿಂದೆ ದಫ್ತರಿಯ ಹೆಂಡತಿ. ಹೀಗೆ ಐವರು ಒಂದು ಮುಚ್ಚಿದ ಬಾಗಿಲ ಮುಂದೆ ಒಬ್ಬರ ಹಿಂದೊಬ್ಬರು ಸಾಲುಗಟ್ಟಿದ್ದೇ ಮುಂದಿನ ಅನರ್ಥಕ್ಕೆಲ್ಲ ಬೀಜವಾಯಿತು.

ಏಕೆಂದರೆ ಬೀದಿಯ ತಿರುವಿನಲ್ಲಿ ಹುಲ್ಲಿನ ಟೋಪಿಯ ಪ್ರವಾಸಿಯೊಬ್ಬನು ಕಾಣಿಸಿಕೊಂಡನು. ಅವನು ಆ ಬೆಳಗಿನಿಂದ ಏಳು ಹೋಟೆಲುಗಳಿಂದ ತಿರಸ್ಕೃತನಾಗಿದ್ದನು. ಸಾಲನ್ನು ಕಂಡೊಡನೆ ಹತ್ತಿರ ಬಂದು, "ಏನು ಸ್ವಾಮಿ ಇಲ್ಲಿ?" ಎಂದನು.

ದಫ್ತರಿಯು ನಸುನಕ್ಕು, "ಬಲ್ಲವರು ಕೇಳೋದಿಲ್ಲ" ಎಂದನು.

ಟೋಪಿಯವನಿಗೆ ತಾನು ಬಲ್ಲವನಲ್ಲವೆಂದು ತೋರಿಸಿಕೊಳ್ಳುವ ಮನಸ್ಸಿರಲಿಲ್ಲ. "ಓಹೋ! ಇದು ಅದೇನಾ!" ಎಂದು ಉದ್ಗರಿಸಿ, ಹೆಂಡತಿಯನ್ನು ಕೂಗಿ, ಸಾಲಿನಲ್ಲಿ ನಿಂತೇ ಬಿಟ್ಟನು. ಅವನ ಹಿಂದೆ ಬಂದ ದಂಪತಿಗೆ ಅವನೇ, "ನಿಮಗೆ ಗೊತ್ತಿಲ್ಲವೇ? ಇಡೀ ಊರಿಗೆ ಇದೊಂದೇ" ಎಂದನು. ಆ ದಂಪತಿ ತಮ್ಮ ಹಿಂದಿನವರಿಗೆ, ದಿನಕ್ಕೆ ನಲವತ್ತೇ ಊಟ ಬಡಿಸುತ್ತಾರೆಂದರು. ನಲವತ್ತು ಎಂಬುದು ಕಿವಿಗೆ ಬಿದ್ದೊಡನೆ ಎದುರಿನ ಬೀದಿಯಿಂದ ಜನ ಓಡಿಬಂದರು. ಒಂದು ಗಂಟೆಯ ಹೊತ್ತಿಗೆ ಸಾಲಿನ ಬಾಲದಲ್ಲಿ, ಇಲ್ಲಿಯ ಅಡುಗೆಯವನು ಅರಮನೆಯ ಕೆಲಸವನ್ನು ಒದ್ದು ಬಂದವನೆಂದೂ, ಮುಖ ನೋಡಿ ಊಟ ಕೊಡುತ್ತಾನೆಂದೂ, ಹೋದ ವಾರ ಒಬ್ಬ ಮಂತ್ರಿಯನ್ನೇ ಹಸಿದ ಹೊಟ್ಟೆಯಲ್ಲಿ ಹಿಂದಕ್ಕೆ ಕಳುಹಿಸಿದನೆಂದೂ ಸಿದ್ಧವಾಗಿತ್ತು. ಇದನ್ನು ಕೇಳಿದ ಹಲವರು ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು.

ಈ ವಾರ್ತೆಗಳು ಸಾಲಿನುದ್ದಕ್ಕೂ ಹರಿದು ತಲೆಯ ಕಡೆಗೂ ಬಂದವು. ಅವುಗಳನ್ನು ಕೇಳಿ ದಫ್ತರಿಯ ನಂಬಿಕೆ ಇಮ್ಮಡಿಸಿತು. ತನ್ನ ಮಾತೇ ನೂರು ಬಾಯಿ ಸುತ್ತಿ ಮರಳಿದಾಗ ಅದನ್ನು ಲೋಕಸಾಕ್ಷಿಯೆಂದು ಭ್ರಮಿಸುವವರಲ್ಲಿ ಇವನು ಮೊದಲಿಗನೂ ಅಲ್ಲ, ಕೊನೆಯವನೂ ಅಲ್ಲ.

"ಕೇಳಿದೆಯಾ? ಮಂತ್ರಿಗೇ ಸಿಗಲಿಲ್ಲವಂತೆ" ಎಂದನು ಹೆಂಡತಿಗೆ.

"ನಮಗೂ ಸಿಕ್ಕಿಲ್ಲ" ಎಂದಳು ಆಕೆ.

ತಾಯಿ ಕಲ್ಲಿನ ಮೇಲಿಂದ, "ಮಗೂ, ನನಗೆ ದೊಡ್ಡದೇನೂ ಬೇಡವೋ. ಏನಾದರೂ ಬೆಚ್ಚಗೆ ಒಂದು ಬಟ್ಟಲು ಸಿಕ್ಕರೆ ಸಾಕು" ಎಂದರು. ಆಕೆಯ ದನಿ ಬತ್ತಿತ್ತು. ಬಿಸಿಲು ನೆತ್ತಿಯಿಂದ ಸರಿದು ಕಲ್ಲಿನ ಮೇಲೆಯೇ ಬಿದ್ದಿತ್ತು. ಇಬ್ಬರು ಮಕ್ಕಳೂ ಏಕಕಾಲಕ್ಕೆ ಮುಂದೆ ಬಂದು ನೆರಳಿಗಾಗಿ ನಿಂತರು. ಒಬ್ಬರ ಭುಜ ಇನ್ನೊಬ್ಬರಿಗೆ ತಾಗಿದೊಡನೆ ಇಬ್ಬರೂ ಹಿಂದೆ ಸರಿದರು. ಬಿಸಿಲು ಮತ್ತೆ ತಾಯಿಯ ಮೇಲೆ ಬಿತ್ತು. ಕೊನೆಗೆ ಅತ್ತಿಗೆಯ ಕೊಡೆ ಉಪಯೋಗಕ್ಕೆ ಬಂದಿತು.

ಇಷ್ಟು ಜನ ಒಂದೆಡೆ ನಿಂತಮೇಲೆ ಸರ್ಕಾರ ಸುಮ್ಮನಿರುವುದುಂಟೆ? ಪ್ರವಾಸಿ ಕಚೇರಿಯ ಅಧಿಕಾರಿಯು ಕೊರಳಲ್ಲಿ ಗುರುತಿನ ಚೀಟಿಯನ್ನೂ ಕೈಯಲ್ಲಿ ಹಗ್ಗವನ್ನೂ ಹಿಡಿದು ಬಂದನು. ಅವನಿಗೆ ಅಲ್ಲೊಂದು ಹೋಟೆಲಿದೆಯೆಂಬುದೇ ಗೊತ್ತಿರಲಿಲ್ಲ. ತನ್ನ ಊರಿನ ಅತ್ಯುತ್ತಮ ಭೋಜನಶಾಲೆಯನ್ನು ತಾನೇ ಅರಿಯೆನೆಂದು ನೂರೈವತ್ತು ಪ್ರವಾಸಿಗರ ಮುಂದೆ ಒಪ್ಪಿಕೊಳ್ಳುವಷ್ಟು ವೈರಾಗ್ಯವೂ ಅವನಿಗಿರಲಿಲ್ಲ.

"ಇದನ್ನ ಗುರುತಿಸಿದ್ದೇ ನಮ್ಮ ಇಲಾಖೆ" ಎಂದು ಅವನು ಟೋಪಿಯವನಿಗೆ ಹೇಳಿ, ದಫ್ತರಿಯ ಬಳಿಗೆ ಬಂದು ದನಿ ತಗ್ಗಿಸಿ, "ಹೆಸರು ಏನಂದ್ರಿ ಇದರದು?" ಎಂದನು.

ದಫ್ತರಿಯು ಕಾಗದವನ್ನು ತೋರಿಸಿದನು. ಅಚ್ಚಾದ ಅಕ್ಷರಗಳನ್ನು ಕಂಡು ಅಧಿಕಾರಿಗೆ ಧೈರ್ಯ ಬಂದಿತು. ಕೂಡಲೇ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ, "ಒಬ್ಬರ ಹಿಂದೊಬ್ಬರು! ತಳ್ಳಬೇಡಿ! ಎಲ್ಲರಿಗೂ ಸಿಗುತ್ತೆ!" ಎಂದು ಸಾರಿದನು. ಸರ್ಕಾರವು ಅಂದು ಕೊಟ್ಟ ಏಕಮಾತ್ರ ಆಶ್ವಾಸನೆ ಅದು.

ಹಗ್ಗ ಸೊಟ್ಟಗಿತ್ತು. ಮಾಸ್ತರರಿಗೆ ಅದನ್ನು ಸಹಿಸಲಾಗಲಿಲ್ಲ. ಗೋಡೆಯಿಂದ ಎದ್ದು ಬಂದು ಅದನ್ನು ಬಿಗಿದು, ಸಾಲನ್ನು ಎಣಿಸಿ, ಮಧ್ಯೆ ನುಸುಳಿದ್ದ ಆರು ಜನರನ್ನು ಕಿವಿ ಹಿಡಿಯದೆಯೇ ಹಿಂದಕ್ಕೆ ಕಳುಹಿಸಿ, ಗಡಿಯಾರ ನೋಡಿದರು. "ಅಮ್ಮಾ, ಅವನಿಗೆ ಹೇಳು. ಒಂದು ಐವತ್ತೆರಡು. ಹನ್ನೆರಡೂವರೆ ಬಾಗಿಲು ಎಂಬತ್ತೆರಡು ನಿಮಿಷ ತಡ."

"ಅಣ್ಣ ಹೇಳ್ತಾನೆ..." ಎಂದು ತಾಯಿ ಆರಂಭಿಸಿ, ನಿಟ್ಟುಸಿರುಬಿಟ್ಟು, "ಹಸಿವಾಗಿದೆಯಂತೆ" ಎಂದರು. ಆಕೆಯ ಅನುವಾದಶಕ್ತಿಯೂ ಕುಂದುತ್ತಿತ್ತು.

ಅದೇ ಹೊತ್ತಿಗೆ ಮಹಡಿಯ ಕಿಟಕಿಯಲ್ಲಿ ಒಂದು ಮುಖ ಇಣುಕಿ, ಬೀದಿಯನ್ನು ನೋಡಿ, ಬೆಚ್ಚಿ, ಮಾಯವಾಯಿತು. ಮರುಕ್ಷಣ ಕೆಳಗಿನ ಬಾಗಿಲಿಗೆ ಒಳಗಿನಿಂದ ಇನ್ನೊಂದು ಅಗುಳಿ ಹಾಕಿದ ಸದ್ದಾಯಿತು.

"ತಯಾರಾಗ್ತಿದಾರೆ" ಎಂದನು ದಫ್ತರಿ.

ಎರಡು ಗಂಟೆ ಹತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಸೊಂಟಕ್ಕೆ ದಪ್ಪ ಬಟ್ಟೆ ಕಟ್ಟಿಕೊಂಡ ಐವತ್ತರ ಹೆಂಗಸೊಬ್ಬಳು ಹೊಸ್ತಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಹಬೆಯಾಡುವ ಪಾತ್ರೆ, ಇನ್ನೊಂದರಲ್ಲಿ ಸೌಟು. ಪಾತ್ರೆಯಲ್ಲಿದ್ದುದು ಬೆಳ್ಳಗೆ, ಗಟ್ಟಿಯಾಗಿ, ನುಣ್ಣಗೆ ಇತ್ತು. ಅದನ್ನು ಕಂಡು ಬೀದಿಗೆ ಬೀದಿಯೇ ಜಯಘೋಷ ಮಾಡಿತು. ಅಧಿಕಾರಿಯು ಚಪ್ಪಾಳೆ ತಟ್ಟಿದನು.

"ಏನ್ರೀ ಇದು? ಯಾರು ನೀವೆಲ್ಲ?" ಎಂದು ಆಕೆ ಕಿರುಚಿದಳು. "ಒಲೆ ಮೇಲೆ ಪಾತ್ರೆ ಬಿಟ್ಟು ಆಗಿನಿಂದ ಮಹಡಿಗೂ ಕೆಳಗೂ ಓಡಾಡ್ತಾ ಇದೀನಿ! ನನ್ನ ಮನೆ ಮುಂದೆ ಏನು ಮೆರವಣಿಗೆ?"

"ಮುಖ ನೋಡ್ತಿದಾರೆ, ಮುಖ ನೋಡ್ತಿದಾರೆ" ಎಂದು ಸಾಲು ಪಿಸುಗುಟ್ಟಿ ನೆಟ್ಟಗೆ ನಿಂತಿತು.

ದಫ್ತರಿಯು ವಿನಯದಿಂದ ಬಾಗಿ, "ತಾಯೀ, ಐದು ಜನ. ಸಾಲಿನಲ್ಲಿ ನಾವೇ ಮೊದಲು" ಎಂದನು.

ಅವನ ಮಾತು ಮುಗಿಯುವುದರೊಳಗೆ ಟೋಪಿಯವನು ಮುಂದೆ ನುಗ್ಗಿದನು. ಎಂಟನೆಯ ಸಲ ತಿರಸ್ಕೃತನಾಗುವ ಭಯ ಅವನ ಸಂಯಮವನ್ನು ಮುರಿದಿತ್ತು. ಆಕೆಯ ಕೈಯ ಸೌಟನ್ನು ಕಸಿದು, ಪಾತ್ರೆಯಲ್ಲದ್ದಿ, ಒಂದು ತುಂಬು ಬಾಯಿ ನುಂಗಿಯೇ ಬಿಟ್ಟನು. ಬೀದಿ ಉಸಿರು ಹಿಡಿಯಿತು.

ಟೋಪಿಯವನು ಕಣ್ಣು ಮುಚ್ಚಿದನು. ಬಾಯಾಡಿಸಿದನು. ತುಟಿಗಳು ಒಂದಕ್ಕೊಂದು ಅಂಟಿದ್ದುದರಿಂದ ಅಭಿಪ್ರಾಯ ಹೊರಬರಲು ಕೊಂಚ ತಡವಾಯಿತು. "ಬಹಳ... ಸೌಮ್ಯ" ಎಂದನು. "ನಾಲಿಗೆಯಿಂದ ಬಿಟ್ಟು ಹೋಗೋದೇ ಇಲ್ಲ."

"ಅಯ್ಯೋ ಮಂಕೇ! ಅದು ಅಂಟು!" ಎಂದಳು ಆಕೆ. "ನಾನು ಪುಸ್ತಕಕ್ಕೆ ರಟ್ಟು ಕಟ್ಟೋಳು. ಮೈದಾ ಬೇಯಿಸಿ ಅಂಟು ಮಾಡ್ತಿದ್ದೆ. ಇನ್ನೂ ಹುಳ ಕೊಲ್ಲೋ ಮೈಲುತುತ್ತ ಹಾಕಿರಲಿಲ್ಲ, ನೀನು ಬದುಕಿಕೊಂಡೆ!"

ಟೋಪಿಯವನ ಹೆಂಡತಿ ಅಲ್ಲೇ ಕುಸಿದು ಕುಳಿತಳು. ಸಾಲಿನ ಬಾಲದವರಿಗೆ ವಿಷಯ ತಲುಪುವಷ್ಟರಲ್ಲಿ ಅದು, ಮೊದಲನೆಯ ಗಿರಾಕಿ ವಿಷಾಹಾರದಿಂದ ತೀರಿಕೊಂಡನೆಂದು ಬೆಳೆದಿತ್ತು. ಆದರೂ ಮೂವರು ಮಾತ್ರವೇ ಸಾಲು ಬಿಟ್ಟರು.

ದಫ್ತರಿಯು ಕಾಗದವನ್ನು ಚಾಚಿ, "ಹಾಗಲ್ಲ ತಾಯಿ. ದಾಖಲೆ ನೋಡಿ. ಒಂಬತ್ತನೆ ನಂಬರು, ನೀಲಿ ಬಾಗಿಲು..." ಎಂದನು.

ಆಕೆ ಓದಿದಳು. ಅಂಚಿನಲ್ಲಿ ಅವನೇ ಬರೆದಿದ್ದ ದಿನಾಂಕವನ್ನೂ ಓದಿದಳು. ಆಕೆಯ ಸಿಟ್ಟು ಒಂದು ಗಳಿಗೆ ಇಳಿಯಿತು. "ಆ ಅಡುಗೆಯವರು ತೀರಿಹೋಗಿ ಹನ್ನೊಂದು ವರ್ಷ ಆಯ್ತಪ್ಪ. ಆಮೇಲೆ ಈ ಮನೆ ನನ್ನದು. ಬಾಗಿಲಿನ ಬಣ್ಣ ಬದಲಾಯಿಸಬೇಕು ಅಂತ ಪ್ರತಿ ರಜೇಲೂ ಅಂದುಕೊಳ್ತೀನಿ."

"ಆದರೆ ಆ ವಾಸನೆ?" ಎಂದನು ದಫ್ತರಿ, ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ.

ಆಗ ಅವನಿಗೆ ಅರ್ಥವಾಯಿತು. ದಾಖಲೆ ಕೋಣೆಯಲ್ಲಿ ಅವನ ಮೇಜು ರಟ್ಟು ಕಟ್ಟುವವನ ಮೂಲೆಗೆ ಅಂಟಿಕೊಂಡಿತ್ತು. ಮಧ್ಯಾಹ್ನ ಒಂದಕ್ಕೆ ಅಲ್ಲಿ ಅಂಟು ಬೇಯುತ್ತಿತ್ತು, ಇಲ್ಲಿ ಇವನು ಬುತ್ತಿ ಬಿಚ್ಚುತ್ತಿದ್ದನು. ಮೂವತ್ತೊಂದು ವರ್ಷ. ಇವನ ಮೂಗಿಗೆ ಊಟವೆಂದರೆ ಅದೇ ಆಗಿಹೋಗಿತ್ತು.

ಹೆಂಡತಿ ಇದನ್ನು ಅವನ ಮುಖದಲ್ಲೇ ಓದಿಕೊಂಡಳು. "ಹಾಗಾದರೆ" ಎಂದಳು ನಿಧಾನವಾಗಿ, "ನಾನು ಬೆಳಗ್ಗೆ ಐದಕ್ಕೆ ಎದ್ದು ಮೂವತ್ತೊಂದು ವರ್ಷ ಕಟ್ಟಿಕೊಟ್ಟ ಊಟ?"

ದಫ್ತರಿಯು ಕಡತವನ್ನು ಬಿಚ್ಚಿ, ಉತ್ತರ ಅದರಲ್ಲಿದೆಯೋ ಎಂಬಂತೆ ಹಾಳೆ ತಿರುವತೊಡಗಿದನು.

ಬೀದಿ ಅಷ್ಟಕ್ಕೆ ಬಿಡಲಿಲ್ಲ. "ನಮ್ಮನ್ನ ಕರೆತಂದವನು ಯಾರು?" "ಅವನೇ, ಕಡತದವನು!" "ಬಲ್ಲವರು ಕೇಳೋದಿಲ್ಲ ಅಂದ!" "ಹಿಡೀರಿ ಮೊದಲಿಗನ್ನ!" ಎಂಬ ಕೂಗೆದ್ದಿತು. ಅಧಿಕಾರಿಯು, "ನಮ್ಮ ಇಲಾಖೆಗೂ ಇದಕ್ಕೂ ಏನೇನೂ ಸಂಬಂಧವಿಲ್ಲ" ಎನ್ನುತ್ತ ಹಗ್ಗವನ್ನು ಸುತ್ತಿಕೊಂಡು, ಅದು ತನ್ನದಲ್ಲವೆಂಬಂತೆ ಬೆನ್ನ ಹಿಂದೆ ಹಿಡಿದನು. ರಟ್ಟಿನಾಕೆಯ ಬಾಗಿಲಿಗೆ ಜನ ಒತ್ತಿದರು. ಆಕೆ ಪೊಲೀಸರನ್ನು ಕೂಗಿದಳು. ಮೂಲೆಯ ಹೊರಠಾಣೆಯಿಂದ ದಪ್ಪ ಮೀಸೆಯ ಹವಾಲ್ದಾರನೊಬ್ಬ ಬಂದು, ಗುಂಪಿನ ತಲೆ ಯಾವುದು, ಬಾಲ ಯಾವುದೆಂದು ತಿಳಿಯದೆ, ಬಾಗಿಲಿಗೆ ಅತಿ ಹತ್ತಿರವಿದ್ದ ಸಂಸಾರವನ್ನು ಇಡಿಯಾಗಿ ಎತ್ತಿಕೊಂಡು ಹೋದನು.

ಹೊರಠಾಣೆಯು ಒಂದೇ ಕೋಣೆ. ಒಂದು ಮೇಜು, ಅದರ ಒಂದು ಕಾಲಿನ ಕೆಳಗೆ ಮಡಿಸಿಟ್ಟ ರಟ್ಟು. ಗೋಡೆಯ ಬದಿಗೆ ಒಂದು ಬೆಂಚು. ಅದರ ಮೇಲೆ ತಾಯಿಯನ್ನೂ ಸೊಸೆಯರನ್ನೂ ಕೂರಿಸಲಾಯಿತು. ಮೇಜಿನ ಮುಂದಿದ್ದ ಎರಡು ಕುರ್ಚಿಗಳನ್ನು ತೋರಿಸಿ ಹವಾಲ್ದಾರನು, "ಇಬ್ಬರೂ ಕೂತ್ಕೊಳ್ಳಿ" ಎಂದನು. ಇಬ್ಬರೂ ಕುಳಿತರು.

ತಾಯಿ ಬೆಂಚಿನ ಮೇಲೆ ನೆಟ್ಟಗಾದರು. ಒಂಬತ್ತು ವರ್ಷಗಳ ಬಳಿಕ ಆಕೆಯ ಇಬ್ಬರು ಮಕ್ಕಳೂ ಒಂದೇ ಮೇಜಿನ ಮುಂದಿದ್ದರು. ಮೇಜಿನ ಮೇಲೆ ಒಂದು ದಪ್ಪ ಪುಸ್ತಕವೂ ಶಾಯಿಯ ಕುಡಿಕೆಯೂ ಇದ್ದವು. ಆಕೆ ಇಬ್ಬರನ್ನೂ ನೋಡಿದರು, ಪುಸ್ತಕವನ್ನು ನೋಡಿದರು, ಸೆರಗಿನಿಂದ ಕಣ್ಣೊರಸಿಕೊಂಡರು.

"ಹೆಚ್ಚು ಹೊತ್ತು ಬೇಡ" ಎಂದನು ಹವಾಲ್ದಾರ. "ಇಷ್ಟೂ ಜನರನ್ನ ಇಟ್ಟುಕೊಂಡು ನಾನೇನು ಮಾಡಲಿ? ಸಾಲಿನಲ್ಲಿ ಮೊದಲು ನಿಂತವನು ಯಾರು ಹೇಳಿ. ಅವನ ಹೇಳಿಕೆ ಬರ್ಕೋತೀನಿ, ಮೇಲಿನವರು ಬರೋವರೆಗೂ ಅವನು ಇರಲಿ. ಮಿಕ್ಕವರು ಹೊರಡಿ."

ಗೋಡೆಯ ಗಡಿಯಾರದಲ್ಲಿ ಎರಡು ನಲವತ್ತಾರು. ಬಸ್ ನಿಲ್ದಾಣ ಎಂಟು ನಿಮಿಷದ ದಾರಿ. ಅತ್ತಿಗೆ ಚೀಲವನ್ನು ಹೆಗಲಿಗೇರಿಸಿಕೊಂಡು ಗಂಡನ ಮುಖ ನೋಡಿದರು. ಮಾಸ್ತರರು ಹೇಳಬೇಕಾಗಿದ್ದುದು ಒಂದೇ ಮಾತು. ಅದು ಸತ್ಯವೂ ಆಗಿತ್ತು. ಪಕ್ಕದಲ್ಲಿ ತಮ್ಮನು ಕಡತವನ್ನು ಮಡಿಲಲ್ಲಿಟ್ಟುಕೊಂಡು, ತೊಯ್ದ ಕಾಗೆಯಂತೆ ಕುಳಿತಿದ್ದನು.

"ನಾನು" ಎಂದರು ಮಾಸ್ತರರು.

ಹವಾಲ್ದಾರನು ಲೇಖನಿಯನ್ನೆತ್ತಿದನು. "ನೀವಾ? ಎಲ್ಲರೂ ಕಡತದವನು ಅಂತಿದ್ದರಲ್ಲ."

"ಅವನು ನನ್ನ ಹಿಂದಿನವನು. ಹುಟ್ಟಿದಾಗಿನಿಂದಲೂ. ಬರ್ಕೊಳ್ಳಿ."

ದಫ್ತರಿಯು ತಲೆಯೆತ್ತಿದನು. ಅವನ ಮುಖದಲ್ಲಿ ಮೊದಲು ಏನೋ ಒದ್ದೆಯಾದದ್ದು ಸುಳಿಯಿತು. ಆಮೇಲೆ, ಹವಾಲ್ದಾರನ ಲೇಖನಿ ಪುಸ್ತಕಕ್ಕೆ ತಾಗುವುದನ್ನು ಕಂಡೊಡನೆ, ಮೂವತ್ತೊಂದು ವರ್ಷಗಳ ವೃತ್ತಿಧರ್ಮ ಅವನನ್ನು ಕುರ್ಚಿಯಿಂದ ಎಬ್ಬಿಸಿತು.

"ಬರೀಬೇಡಿ! ತಪ್ಪು ದಾಖಲೆ ಆಗುತ್ತೆ! ಮೊದಲು ನಿಂತವನು ನಾನು!"

"ಸುಮ್ಮನೆ ಕೂತ್ಕೋ" ಎಂದರು ಮಾಸ್ತರರು, ತಾಯಿಯ ಕಡೆಗೆ ತಿರುಗದೆ.

"ಹೇಗೆ ಸುಮ್ಮನೆ ಕೂರಲಿ ಅಣ್ಣ? ಬಾಗಿಲು ತಟ್ಟಿದ್ದು ನಾನು."

"ನೀನು ತಟ್ಟುವಾಗ ಗೋಡೆಗೆ ಒರಗಿದ್ದವನು ನಾನು."

"ಒರಗೋದು ನಿಲ್ಲೋದು ಹೇಗಾಗುತ್ತೆ?"

"ನನಗೆ ಸಾಲು ಕಲಿಸೋಕೆ ಬಂದೆಯೇನೋ? ಮೂವತ್ತೆಂಟು ವರ್ಷ ಟಿಕೆಟ್ ಕಿಟಕಿ ಮುಂದೆ ಸಾಲು ನೋಡಿದೋನು ನಾನು! ಸಿಕ್ಕಿದ ಮೇಜು ಬಿಟ್ಟವನು ನೀನು!"

"ಹದಿನೇಳು ನಿಮಿಷಕ್ಕೆ ಊರೆಲ್ಲ ಕೇಳೋ ಹಾಗೆ ಕೂಗಿದವನು ನೀನು!"

"ಹದಿನೇಳು ನಿಮಿಷ ಅಂದರೆ ಕಡಿಮೆಯೇನೋ? ಅಷ್ಟರಲ್ಲಿ ಎರಡು ಗೂಡ್ಸ್ ಗಾಡಿ ಬಿಡ್ತಿದ್ದೆ!"

ಇಬ್ಬರೂ ಎದ್ದು ನಿಂತಿದ್ದರು. ಇಬ್ಬರೂ ಮೇಜನ್ನು ಗುದ್ದುತ್ತಿದ್ದರು. ಸರೋವರದ ಆಚೆಯಿಂದ ಮೂರು ಗಂಟೆಯ ಬಸ್ಸಿನ ಹಾರನ್ನು ಉದ್ದವಾಗಿ ಕೇಳಿಸಿ, ದೂರವಾಗಿ, ಅಡಗಿತು. ಅತ್ತಿಗೆಯು ಚೀಲವನ್ನು ಹೆಗಲಿನಿಂದ ಇಳಿಸಿ ನೆಲಕ್ಕಿಟ್ಟರು. ಮಾಸ್ತರರು ಜೀವಮಾನದಲ್ಲಿ ಮೊದಲ ಸಲ ಗಡಿಯಾರ ನೋಡಲಿಲ್ಲ.

ಹವಾಲ್ದಾರನು ಲೇಖನಿಯನ್ನು ಒಗೆದು, ಇಬ್ಬರ ಬಾಯನ್ನೂ ಮುಚ್ಚಿಸಲು ಕೈಯೆತ್ತಿದನು. ಬೆಂಚಿನ ಮೇಲಿದ್ದ ತಾಯಿ ಅವನ ತೋಳನ್ನು ಹಿಡಿದು ಜಗ್ಗಿದರು.

"ಬಿಡಪ್ಪ, ಬಿಡು. ಒಂಬತ್ತು ವರ್ಷದಿಂದ ಇವರಿಬ್ಬರೂ ನನ್ನ ಬಾಯಲ್ಲೇ ಮಾತಾಡ್ತಿದ್ದರು. ಇವತ್ತು ನನ್ನ ಬಾಯಿಗೆ ಬಿಡುವು ಸಿಕ್ಕಿದೆ." ಆಕೆ ಒಣಗಿದ ತುಟಿಯನ್ನು ಸವರಿಕೊಂಡರು. "ಅದಕ್ಕೆ ಹಾಕೋದಕ್ಕೆ ಏನಾದರೂ ಇದೆಯೇನಪ್ಪ ನಿನ್ನ ಹತ್ತಿರ?"

ಹವಾಲ್ದಾರನು ಮೇಜಿನ ಖಾನೆಯನ್ನು ಎಳೆದು ನೋಡಿದನು. ಅದರೊಳಗೆ ಒಂದು ಬೀಗವೂ, ಎರಡು ಬೀಗದ ಕೈಗಳೂ, ಆ ಊರಿನ ಒಳ್ಳೆಯ ಹೋಟೆಲುಗಳ ಪಟ್ಟಿಯೊಂದೂ ಇದ್ದವು.